ಹೊರೆಹಂಚಿಕೆ ಮತ್ತು ಮೀಸಲು: ಪಹಣಿಯ ಸರ್ವರನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

೧. ವಿಷಯಪ್ರವೇಶ

ಹಿಂದಿನ ತಲೆಮಾರಿನ ರೈತನು ಕಚೇರಿಯ ಬಾಗಿಲಿನಲ್ಲಿ ಕೇಳುತ್ತಿದ್ದ ಮಾತು, 'ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ' ಎಂಬುದು. ಇಂದಿನ ರೈತನು ಅದೇ ಬಾಗಿಲಿನಲ್ಲಿ ಕೇಳುವ ಮಾತು, 'ಸರ್ವರ್ ಇಲ್ಲ' ಎಂಬುದು. ಮಾತು ಬದಲಾಗಿದೆ, ಕೂಲಿ ಕಳೆದುಕೊಂಡು ಹಿಂದಿರುಗುವ ದಿನ ಬದಲಾಗಿಲ್ಲ. ಸಾಹೇಬರ ಗೈರುಹಾಜರಿಗೆ ಮನುಷ್ಯಸಹಜವಾದ ಕಾರಣಗಳಿದ್ದುವು. ಸರ್ವರಿನ ಗೈರುಹಾಜರಿಗೆ ಕಾರಣವೇನು, ಅದನ್ನು ತಡೆಯಲು ಯಾವ ಯಾವ ಉಪಾಯಗಳು ಎಂದು ಎಲ್ಲಿ ಹುಟ್ಟಿದುವು, ಅವು ನಮ್ಮ ನಾಡಿನ ದಾಖಲೆಗಳ ವ್ಯವಸ್ಥೆಗೆ ಹೇಗೆ ಅನ್ವಯಿಸುತ್ತವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದೂರದಿಂದ ಬರುವ ಕೋರಿಕೆಗಳನ್ನು ತೆಗೆದುಕೊಂಡು, ತನ್ನಲ್ಲಿರುವ ಅಥವಾ ತನಗೆ ಎಟುಕುವ ದಾಖಲೆಗಳಿಂದ ಉತ್ತರ ಕಳುಹಿಸುವ ಗಣಕಯಂತ್ರವೇ ಸರ್ವರ್. ಬರುವ ಕೋರಿಕೆಗಳನ್ನು ಹಲವು ಸರ್ವರುಗಳ ನಡುವೆ ಪಾಲುಮಾಡುವ ಕ್ರಿಯೆಯನ್ನು ಇಲ್ಲಿ 'ಹೊರೆಹಂಚಿಕೆ' ಎಂದು ಕರೆದಿದೆ. ಒಂದು ಯಂತ್ರವೋ ತಂತಿಯೋ ಕೆಟ್ಟಾಗ ಅದರ ಕೆಲಸವನ್ನು ಕೂಡಲೆ ವಹಿಸಿಕೊಳ್ಳಲೆಂದು ಅಗತ್ಯಕ್ಕಿಂತ ಹೆಚ್ಚಾಗಿ ಇಟ್ಟುಕೊಂಡಿರುವ ಸಾಮರ್ಥ್ಯವನ್ನು 'ಮೀಸಲು' ಎಂದು ಕರೆದಿದೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಆದರೆ ಇವು ಎರಡು ಬೇರೆ ಬೇರೆ ಗುಣಗಳೆಂದೂ, ಎಚ್ಚರ ತಪ್ಪಿದರೆ ಮೊದಲನೆಯದು ಎರಡನೆಯದನ್ನು ಸದ್ದಿಲ್ಲದೆ ತಿಂದುಹಾಕುತ್ತದೆಂದೂ ತೋರಿಸುವುದು ಈ ಲೇಖನದ ಮುಖ್ಯ ಪ್ರತಿಪಾದನೆ.

೨. ದೂರವಾಣಿ ಕೇಂದ್ರದ ಪೂರ್ವೇತಿಹಾಸ

ಹೊರೆಹಂಚಿಕೆಯ ಶಾಸ್ತ್ರ ಗಣಕಯಂತ್ರಕ್ಕಿಂತ ಹಳೆಯದು. ಅದು ಹುಟ್ಟಿದ್ದು ದೂರವಾಣಿ ಕೇಂದ್ರದಲ್ಲಿ. ಕೋಪನ್‌ಹೇಗನ್ ದೂರವಾಣಿ ಕಂಪೆನಿಯಲ್ಲಿ ಕೆಲಸ ಮಾಡುತ್ತಿದ್ದ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞನು ೧೯೦೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕರೆಗಳು ಯಾವ ಕ್ರಮವೂ ಇಲ್ಲದೆ ಬರುತ್ತಿರುವಾಗ ಅವುಗಳ ಹೊರೆಯನ್ನು ಸಂಭಾವ್ಯತಾ ಗಣಿತದಿಂದ ಅಳೆಯಬಹುದೆಂದು ತೋರಿಸಿದನು. ೧೯೧೭ರಲ್ಲಿ ಅವನು ಕೊಟ್ಟ ಸೂತ್ರ, ಇಂತಿಷ್ಟು ಹೊರೆಗೆ ಇಂತಿಷ್ಟು ತಂತಿಗಳಿದ್ದರೆ ನೂರರಲ್ಲಿ ಎಷ್ಟು ಕರೆಗಳು ತಂತಿ ಸಿಕ್ಕದೆ ಹಿಂದಿರುಗುತ್ತವೆಂಬುದನ್ನು ತಿಳಿಸುತ್ತದೆ. ಹೊರೆಯ ಅಳತೆಯ ಮಾನಕ್ಕೆ ಅವನ ಹೆಸರೇ ನಿಂತಿದೆ.

ಆ ಸೂತ್ರದ ಒಂದು ಫಲವನ್ನು ಗಮನಿಸಬೇಕು. ಸರಾಸರಿ ೫ ಮಾತುಕತೆಗಳು ಏಕಕಾಲದಲ್ಲಿ ನಡೆಯುವಷ್ಟು ಹೊರೆಯಿರುವ ಒಂದು ಊರಿನಲ್ಲಿ, ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆ ವಿಫಲವಾಗಬಾರದೆಂದರೆ ೧೧ ತಂತಿಗಳು ಬೇಕಾಗುತ್ತವೆ. ಅಂಥ ಎರಡು ಊರುಗಳು ತಮ್ಮ ತಮ್ಮ ತಂತಿಗಳನ್ನು ಬೇರೆಯಾಗಿ ಇಟ್ಟುಕೊಂಡರೆ ಒಟ್ಟು ೨೨ ತಂತಿಗಳು ಬೇಕು. ಆದರೆ ಎರಡೂ ಊರುಗಳ ಹೊರೆಯನ್ನು ಒಂದೇ ಗುಂಪಿಗೆ ಸೇರಿಸಿದರೆ, ೧೦ರ ಹೊರೆಗೆ ೧೮ ತಂತಿಗಳು ಸಾಕು. ಒಂದೂರಿನಲ್ಲಿ ಮಾತು ಹೆಚ್ಚಾದ ಗಳಿಗೆಯಲ್ಲಿ ಇನ್ನೊಂದೂರಿನಲ್ಲಿ ಕಡಿಮೆಯಿರುವ ಸಂಭವವಿರುವುದೇ ಈ ಉಳಿತಾಯದ ಕಾರಣ. ಸಾಮರ್ಥ್ಯವನ್ನು ಒಟ್ಟುಗೂಡಿಸಿದರೆ ಲಾಭವುಂಟೆಂಬ ಈ ತತ್ತ್ವ, ಮುಂದೆ ನಮ್ಮ ಪಹಣಿಯ ಕಥೆಯಲ್ಲಿಯೂ ಮತ್ತೆ ಎದುರಾಗುತ್ತದೆ.

ಎರ್ಲಾಂಗನ ಲೆಕ್ಕ ತಂತಿಗಳೆಲ್ಲ ಸರಿಯಾಗಿವೆಯೆಂಬ ನಂಬಿಕೆಯ ಮೇಲೆ ನಿಂತದ್ದು. ಕೆಡುವಿಕೆಯ ಪ್ರಶ್ನೆ ಬೇರೆಯಾಗಿಯೇ ಬೆಳೆಯಿತು. ೧೯೫೬ರಲ್ಲಿ ಜಾನ್ ಫಾನ್ ನಾಯ್ಮನ್, ನಂಬಲರ್ಹವಲ್ಲದ ಬಿಡಿಭಾಗಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿ ನಂಬಲರ್ಹವಾದ ಇಡಿಯನ್ನು ಕಟ್ಟುವುದು ಸಾಧ್ಯವೆಂದು ಗಣಿತರೀತಿಯಿಂದ ನಿರೂಪಿಸಿದನು. ೧೯೬೪ರಲ್ಲಿ ಪಾಲ್ ಬರಾನ್ ಎಂಬಾತನು, ಪ್ರತಿಯೊಂದು ಕೇಂದ್ರಕ್ಕೂ ಕನಿಷ್ಠ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಸಂಪರ್ಕಗಳಿರುವ ಜಾಲವು ಭಾರಿ ಹಾನಿಯಾದ ಮೇಲೂ ಕೆಲಸ ಮಾಡಬಲ್ಲುದೆಂದು ತೋರಿಸಿದನು. ೧೯೬೫ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಸಕಾಸುನ್ನ ಎಂಬಲ್ಲಿ ಆರಂಭವಾದ ಬೆಲ್ ಸಂಸ್ಥೆಯ ಇಲೆಕ್ಟ್ರಾನಿಕ್ ದೂರವಾಣಿ ಕೇಂದ್ರದಲ್ಲಿ ನಿಯಂತ್ರಣಯಂತ್ರಗಳು ಜೋಡಿಯಾಗಿದ್ದುವು. ೪೦ ವರ್ಷಗಳಲ್ಲಿ ಒಟ್ಟು ೨ ಗಂಟೆಗಿಂತ ಹೆಚ್ಚು ಕಾಲ ಕೇಂದ್ರ ನಿಲ್ಲಬಾರದೆಂಬುದು ಅದರ ನಿರ್ಮಾಪಕರ ಗುರಿಯಾಗಿತ್ತು.

ಈ ವಿದ್ಯೆ ಕನ್ನಡನಾಡಿಗೆ ಬಂದ ಬಗೆಯೂ ಸ್ವಾರಸ್ಯವಾದುದು. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೂರವಾಣಿ ಕೇಂದ್ರಗಳ ಯಂತ್ರಗಳನ್ನು ತಯಾರಿಸತೊಡಗಿತು. ೧೯೮೪ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಭಾರತದ ಹಳ್ಳಿಗಳಿಗೆಂದೇ ೧೨೮ ತಂತಿಗಳ ಚಿಕ್ಕ ಕೇಂದ್ರವೊಂದನ್ನು ರೂಪಿಸಿತು. ಅಂಥ ಮೊದಲ ಕೇಂದ್ರ ೧೯೮೬ರ ಜುಲೈ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸಮಾಡತೊಡಗಿತು. ಧೂಳು, ಸೆಕೆ, ನಂಬಲಾಗದ ವಿದ್ಯುತ್ತು ಇವನ್ನು ಎಣಿಕೆಗೆ ತಂದುಕೊಂಡು, ತಣ್ಣಗಾಗಿಸುವ ಕೋಣೆಯ ಹಂಗಿಲ್ಲದೆ ನಡೆಯುವಂತೆ ಅದನ್ನು ರಚಿಸಲಾಗಿತ್ತು. ಅದರ ಮುಖ್ಯ ನಿಯಂತ್ರಣ ಭಾಗಗಳನ್ನು ಜೋಡಿಯಾಗಿ ಇರಿಸಲಾಗಿತ್ತು. ಕೆಟ್ಟ ಭಾಗವನ್ನು ಸರಿಪಡಿಸುವ ತಜ್ಞನು ಹಳ್ಳಿಗೆ ಬರುವುದು ತಡವಾಗುತ್ತದೆ. ಅಷ್ಟರವರೆಗೆ ಜೋಡಿಯ ಇನ್ನೊಂದು ಭಾಗ ಕೆಲಸವನ್ನು ತೂಗಿಸಿಕೊಂಡು ಹೋಗಬೇಕು. ದೊಡ್ಡ ನಗರಕ್ಕಿಂತ ಚಿಕ್ಕ ಊರಿಗೇ ಮೀಸಲು ಹೆಚ್ಚು ಅಗತ್ಯವೆಂಬುದನ್ನು ಕಿತ್ತೂರಿನ ಆ ಪೆಟ್ಟಿಗೆ ಮೂಕವಾಗಿ ಸಾರುತ್ತಿತ್ತು.

೩. ಜಾಲತಾಣಗಳ ಯುಗ

ಜಾಲತಾಣಗಳ ಯುಗದಲ್ಲಿ ಹೊರೆ ಬೆಳೆದ ವೇಗ ದೂರವಾಣಿಯ ಕಾಲದಲ್ಲಿ ಊಹೆಗೂ ಬಾರದಂಥದು. ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ನಡೆಸುತ್ತಿದ್ದ ಮೊದಲ ಸರ್ವರಿಗೆ ೧೯೯೧ರ ಬೇಸಗೆಯಲ್ಲಿ ದಿನಕ್ಕೆ ಸುಮಾರು ೧೦೦ ಕೋರಿಕೆಗಳು ಬರುತ್ತಿದ್ದುವು. ೧೯೯೨ರಲ್ಲಿ ಅದು ೧,೦೦೦ ಆಯಿತು; ೧೯೯೩ರಲ್ಲಿ ೧೦,೦೦೦ ಆಯಿತು. ವರ್ಷ ವರ್ಷಕ್ಕೆ ಹತ್ತು ಮಡಿಯಾಗುವ ಹೊರೆಯನ್ನು ಒಂದೇ ಯಂತ್ರವನ್ನು ದೊಡ್ಡದು ಮಾಡುತ್ತ ಹೋಗಿ ಹೊರಲು ಸಾಧ್ಯವಿಲ್ಲ.

ಈ ಸಂಕಟ ಮೊದಲು ತೀವ್ರವಾಗಿ ಕಾಣಿಸಿಕೊಂಡದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್.ಸಿ.ಎಸ್.ಎ. ಎಂಬ ಗಣಕಕೇಂದ್ರದಲ್ಲಿ. ೧೯೯೩ರಲ್ಲಿ ಅಲ್ಲಿಂದ ಹೊರಬಿದ್ದ ಮೊಸಾಯಿಕ್ ಎಂಬ ವೀಕ್ಷಣಾ ಸಾಧನ ಜನಪ್ರಿಯವಾಗಿ, ಆ ಕೇಂದ್ರದ ತಾಣಕ್ಕೆ ಜನ ಮುಗಿಬಿದ್ದರು. ಅಲ್ಲಿನ ತಂತ್ರಜ್ಞರು ೧೯೯೪ರ ಹೊತ್ತಿಗೆ ಕಂಡುಕೊಂಡ ಉಪಾಯ ಸರಳವಾದುದು. ಹೆಸರನ್ನು ಕೇಳಿದವರಿಗೆ ವಿಳಾಸವನ್ನು ಹೇಳುವ ಡಿ.ಎನ್.ಎಸ್. ಎಂಬ ಕೋಷ್ಟಕ, ಒಂದೇ ಹೆಸರಿಗೆ ಸರದಿಯ ಮೇಲೆ ಬೇರೆ ಬೇರೆ ಯಂತ್ರಗಳ ವಿಳಾಸವನ್ನು ಕೊಡುವಂತೆ ಮಾಡಿದರು. ಎಲ್ಲ ಯಂತ್ರಗಳೂ ಒಂದೇ ಕಡತಭಂಡಾರದಿಂದ ಓದುತ್ತಿದ್ದುದರಿಂದ, ಯಾವ ಯಂತ್ರವನ್ನು ಕೇಳಿದರೂ ಉತ್ತರ ಒಂದೇ ಆಗಿತ್ತು.

ಈ ಸರದಿಯ ಕ್ರಮದಲ್ಲಿ ಹಂಚಿಕೆಯುಂಟು, ಮೀಸಲು ಇಲ್ಲ. ಐದು ಯಂತ್ರಗಳಲ್ಲಿ ಒಂದು ನಿಂತುಹೋದರೂ ಕೋಷ್ಟಕ ಅದನ್ನರಿಯದೆ, ಐವರಲ್ಲಿ ಒಬ್ಬನನ್ನು ಆ ಸತ್ತ ಯಂತ್ರದ ಬಾಗಿಲಿಗೇ ಕಳುಹಿಸುತ್ತಿರುತ್ತದೆ. ಕೋಷ್ಟಕವನ್ನು ತಿದ್ದಿದರೂ, ಹಳೆಯ ವಿಳಾಸವನ್ನು ನೆನಪಿಟ್ಟುಕೊಂಡ ನಡುವಣ ಯಂತ್ರಗಳು ಕೆಲವು ಕಾಲ ಅದನ್ನೇ ಹೇಳುತ್ತಿರುತ್ತವೆ. ಆದಕಾರಣ ಬಾಗಿಲಿನಲ್ಲಿಯೇ ನಿಂತು, ಒಳಗಿನ ಯಂತ್ರಗಳ ಯೋಗಕ್ಷೇಮವನ್ನು ಕ್ಷಣಕ್ಷಣವೂ ವಿಚಾರಿಸುತ್ತ, ಬದುಕಿರುವವುಗಳಿಗೆ ಮಾತ್ರ ಕೆಲಸ ಒಪ್ಪಿಸುವ ಹಂಚುಯಂತ್ರ ಬೇಕಾಯಿತು. ೧೯೯೬ರಲ್ಲಿ ಸಿಸ್ಕೊ ಕಂಪೆನಿ ಅಂಥದೊಂದನ್ನು ಮಾರುಕಟ್ಟೆಗೆ ತಂದಿತು. ೧೯೯೮ರಲ್ಲಿ ಚೀನಾದ ವೆನ್‌ಸಾಂಗ್ ಜಾಂಗ್ ಇದೇ ಕೆಲಸವನ್ನು ಲಿನಕ್ಸ್ ತಂತ್ರಾಂಶದೊಳಗೆ ಮಾಡುವ ಕ್ರಮವನ್ನು ಬೆಲೆಯಿಲ್ಲದೆ ಹಂಚಿದನು. ೨೦೦೧ರಲ್ಲಿ ಹೆಚ್‌ಎ-ಪ್ರಾಕ್ಸಿ, ೨೦೦೪ರಲ್ಲಿ ಎಂಜಿನ್-ಎಕ್ಸ್ ಎಂಬ ತಂತ್ರಾಂಶಗಳು ಹೊರಬಂದು, ಚಿಕ್ಕ ಕಚೇರಿಗೂ ಈ ವಿದ್ಯೆ ಎಟುಕುವಂತಾಯಿತು.

ಹಂಚುಯಂತ್ರ ಅನುಸರಿಸುವ ನ್ಯಾಯಗಳು ಹಲವು. ಸರದಿಯ ಪ್ರಕಾರ ಒಂದೊಂದಕ್ಕೆ ಒಂದೊಂದನ್ನು ಕೊಡುವುದು ಒಂದು ಬಗೆ. ಆ ಹೊತ್ತಿನಲ್ಲಿ ಯಾರ ಕೈಯಲ್ಲಿ ಕಡಿಮೆ ಕೆಲಸವಿದೆಯೋ ಅವರಿಗೆ ಕೊಡುವುದು ಇನ್ನೊಂದು ಬಗೆ. ಒಮ್ಮೆ ಬಂದ ಗಿರಾಕಿಯನ್ನು ಮತ್ತೆ ಮತ್ತೆ ಅದೇ ಯಂತ್ರಕ್ಕೆ ಕಳುಹಿಸುವುದು ಮತ್ತೊಂದು ಬಗೆ. ಕೋರಿಕೆಗಳು ಒಂದೇ ಗಾತ್ರದವಾಗಿದ್ದರೆ ಸರದಿ ಸಾಕು. ಒಬ್ಬನು ಒಂದು ಪಹಣಿಯನ್ನೂ ಮತ್ತೊಬ್ಬನು ಇಡೀ ಹೋಬಳಿಯ ಪಟ್ಟಿಯನ್ನೂ ಕೇಳುವಲ್ಲಿ ಎರಡನೆಯ ಬಗೆಯೇ ಮೇಲು. ನೀರುಗಂಟಿಯು ಗದ್ದೆಗಳಿಗೆ ನೀರು ಬಿಡುವಾಗ ಸರದಿಯನ್ನು ಮಾತ್ರ ನೋಡದೆ ಮಡಿಯ ವಿಸ್ತಾರವನ್ನೂ ನೋಡುವುದನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಶಂಕೆ ಏಳುತ್ತದೆ: ಹಂಚುಯಂತ್ರವೇ ಕೆಟ್ಟರೆ ಗತಿಯೇನು? ಹತ್ತು ಸರ್ವರುಗಳ ಮುಂದೆ ಒಂದೇ ಹಂಚುಯಂತ್ರವನ್ನು ನಿಲ್ಲಿಸುವುದು, ಹತ್ತು ದಾರಿಗಳಿರುವ ಊರಿಗೆ ಒಂದೇ ರೈಲ್ವೆ ಗೇಟು ಇಟ್ಟಂತೆ. ಆದ್ದರಿಂದ ಹಂಚುಯಂತ್ರಗಳನ್ನೂ ಜೋಡಿಯಾಗಿ ಇಟ್ಟು, ಒಂದರ ಉಸಿರು ನಿಂತೊಡನೆ ಅದರ ವಿಳಾಸವನ್ನು ಇನ್ನೊಂದು ತಾನಾಗಿ ಧರಿಸುವ ನಿಯಮವನ್ನು ೧೯೯೮ರಲ್ಲಿ ವಿ.ಆರ್.ಆರ್.ಪಿ. ಎಂಬ ಹೆಸರಿನಿಂದ ಪ್ರಕಟಿಸಲಾಯಿತು. 'ತಾನಾಗಿ' ಎಂಬುದೇ ಇಲ್ಲಿ ಮುಖ್ಯವಾದ ಮಾತು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದಲ್ಲಿ ಎರಡು ಸ್ವಯಂಚಾಲಿತ ಸೈಫನ್ನುಗಳಿವೆ. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಯಾರ ಅಪ್ಪಣೆಗೂ ಕಾಯದೆ ಅವು ಹೆಚ್ಚಿನ ನೀರನ್ನು ಹೊರಕ್ಕೆ ಹರಿಸುತ್ತವೆ. ನಡುರಾತ್ರಿಯ ಮಳೆಯಲ್ಲಿ ಬಾಗಿಲೆತ್ತುವ ಆಳು ಬರುವನೋ ಇಲ್ಲವೋ ಎಂಬ ಸಂಶಯಕ್ಕೆ ಅಲ್ಲಿ ಎಡೆಯಿಲ್ಲ. ಸರ್ವರುಗಳ ಮೀಸಲೂ ಅಂಥದಾಗಿರಬೇಕು; ಉಗ್ರಾಣದಲ್ಲಿ ಬೀಗ ಹಾಕಿಟ್ಟ ಹೆಚ್ಚುವರಿ ಯಂತ್ರವನ್ನು ಮೀಸಲೆಂದು ಲೆಕ್ಕ ಹಿಡಿಯಲಾಗದು.

೪. ಪಹಣಿ: ತಾಲ್ಲೂಕಿನಿಂದ ರಾಜಧಾನಿಗೆ

ಇನ್ನು ನಮ್ಮ ನಾಡಿನ ದಾಖಲೆಗಳ ಕಡೆಗೆ ತಿರುಗೋಣ. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯಿಂದ ಪರಂಪರಾಗತವಾದ ಶಾನುಭೋಗಿಕೆ ಕೊನೆಗಂಡ ಮೇಲೆ, ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳನ್ನು ಬರೆದಿಡುವ ಹೊಣೆ ಸರಕಾರದ ಗ್ರಾಮಲೆಕ್ಕಿಗರಿಗೆ ಬಂದಿತು. ೨೦ನೆಯ ಶತಮಾನದ ಕೊನೆಯ ವೇಳೆಗೆ ಸುಮಾರು ೯,೦೦೦ ಗ್ರಾಮಲೆಕ್ಕಿಗರು ಈ ಪಹಣಿ ಪುಸ್ತಕಗಳನ್ನು ಕೈಬರಹದಲ್ಲಿ ಇಟ್ಟುಕೊಂಡಿದ್ದರು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಹೊರೆ ೯,೦೦೦ ಕಡೆ ಹಂಚಿಹೋಗಿತ್ತು. ಒಂದು ಕಡೆಯ ವಿಘ್ನ ಇನ್ನೊಂದು ಕಡೆಗೆ ತಟ್ಟುತ್ತಿರಲಿಲ್ಲ. ಆದರೆ ಪ್ರತಿಯೊಂದು ಕಡೆಯೂ ಒಬ್ಬನೇ ಮನುಷ್ಯನ ಕೈಯಲ್ಲಿತ್ತು. ಅವನು ಊರಲ್ಲಿಲ್ಲದಿದ್ದರೆ ಪಹಣಿಯಿಲ್ಲ. ಅವನ ಮನಸ್ಸಿಗೆ ಬಾರದಿದ್ದರೂ ಪಹಣಿಯಿಲ್ಲ. ಹಂಚಿಕೆ ಪರಿಪೂರ್ಣವಾಗಿದ್ದೂ ಮೀಸಲು ಸೊನ್ನೆಯಾಗಿದ್ದ ವ್ಯವಸ್ಥೆ ಅದು.

೨೦೦೦ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಸಂಸ್ಥೆಯ ಸಹಾಯದಿಂದ ಜಾರಿಗೆ ತಂದ 'ಭೂಮಿ' ಯೋಜನೆ ಈ ಸ್ಥಿತಿಯನ್ನು ಬದಲಾಯಿಸಿತು. ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದುವು. ೧೭೭ ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದುವು. ಆರಂಭದಲ್ಲಿ ೧೫ ರೂಪಾಯಿ ಕೊಟ್ಟವರಿಗೆ ಮುದ್ರಿತ ಪಹಣಿ ಕೈಗೆ ಸಿಗುತ್ತಿತ್ತು. ಕೈಬರಹದ ಪಹಣಿಯ ಕಾನೂನುಮಾನ್ಯತೆ ಕೊನೆಗೊಂಡಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶವೇ ವಿಧಿಸಿತು. ಮೊದಲು ಬಂದವನನ್ನು ಕೂರಿಸಿ ಹಿಂದೆ ಬಂದವನನ್ನು ಕರೆಯುವ ಸ್ವಾತಂತ್ರ್ಯ ಅಧಿಕಾರಿಗೆ ಉಳಿಯಲಿಲ್ಲ. ಸರದಿಯೆಂಬುದು ಯಂತ್ರದ ಅನುಕೂಲಕ್ಕೆ ಹುಟ್ಟಿದ್ದರೂ ಇಲ್ಲಿ ಅದು ನ್ಯಾಯದ ಸಾಧನವಾಯಿತೆಂಬುದು ಗಮನಾರ್ಹ.

ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲಿಯೇ ಇದ್ದುವು. ತುಮಕೂರು ನಗರದ ಉಪ್ಪಾರಹಳ್ಳಿಯಲ್ಲಿ ನೆಲಸಿರುವ ಒಬ್ಬನಿಗೆ ಗುಬ್ಬಿ ತಾಲ್ಲೂಕಿನಲ್ಲಿ ತಂದೆಯ ಹೊಲವೂ ಕುಣಿಗಲ್ ತಾಲ್ಲೂಕಿನಲ್ಲಿ ತಾಯಿಯ ಕಡೆಯಿಂದ ಬಂದ ಗದ್ದೆಯೂ ಇವೆಯೆಂದು ಭಾವಿಸೋಣ. ಹೊಲದ ಪಹಣಿಗೆ ಅವನು ಗುಬ್ಬಿಗೆ ಹೋಗಬೇಕಾಗಿತ್ತು, ಗದ್ದೆಯ ಪಹಣಿಗೆ ಕುಣಿಗಲ್ಲಿಗೆ ಹೋಗಬೇಕಾಗಿತ್ತು. ತುಮಕೂರಿನ ತಾಲ್ಲೂಕು ಕಚೇರಿ ಹತ್ತಿರದಲ್ಲಿದ್ದರೂ ಅದರಿಂದ ಪ್ರಯೋಜನವಿರಲಿಲ್ಲ. ಆದರೆ ಗುಬ್ಬಿಯ ಸರ್ವರ್ ಕೆಟ್ಟ ದಿನ ಕುಣಿಗಲ್ಲಿನ ಸರ್ವರ್ ಎಂದಿನಂತೆ ನಡೆಯುತ್ತಿತ್ತು. ಗುಬ್ಬಿಯಲ್ಲಿ ಸಾಲು ಬೆಳೆದಾಗ ಕುಣಿಗಲ್ಲಿನ ಯಂತ್ರ ಬಿಡುವಾಗಿದ್ದರೂ ನೆರವಿಗೆ ಬರಲಾರದಾಗಿತ್ತು. ಎರ್ಲಾಂಗನು ಲೆಕ್ಕ ಹಾಕಿದ ಎರಡು ಬೇರೆ ಬೇರೆ ಊರುಗಳ ಸ್ಥಿತಿ ಇದೇ.

ಆಮೇಲಿನ ವರ್ಷಗಳಲ್ಲಿ, ರಾಜಧಾನಿಯನ್ನು ಜಿಲ್ಲೆ ಮತ್ತು ತಾಲ್ಲೂಕುಗಳಿಗೆ ಜೋಡಿಸುವ ರಾಜ್ಯವ್ಯಾಪಿ ಜಾಲ ಕೆಸ್ವಾನ್ ಸಿದ್ಧವಾಗಿ, ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿದುವು. ನಾಡಕಚೇರಿಗಳೂ ಸೇವಾಕೇಂದ್ರಗಳೂ ಮನೆಯ ಗಣಕಯಂತ್ರಗಳೂ ಆ ಒಂದೇ ಭಂಡಾರಕ್ಕೆ ಬಾಗಿಲುಗಳಾದುವು. ಉಪ್ಪಾರಹಳ್ಳಿಯಾತನು ಈಗ ಎರಡು ತಾಲ್ಲೂಕುಗಳ ಪಹಣಿಯನ್ನೂ ತನ್ನ ಬೀದಿಯ ತುದಿಯಲ್ಲಿಯೇ ಪಡೆಯಬಹುದು. ಇದು ಅಲ್ಪವಾದ ಲಾಭವಲ್ಲ. ಬಸ್ಸಿನ ಹಣವೂ ದಿನದ ಕೂಲಿಯೂ ಅವನಿಗೆ ಉಳಿದುವು. ಆದರೆ ಕೇಂದ್ರ ನಿಂತ ದಿನ ಗುಬ್ಬಿ, ಕುಣಿಗಲ್, ತುಮಕೂರು ಮಾತ್ರವಲ್ಲದೆ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಕಡೆಯೂ ಕೆಲಸ ಏಕಕಾಲದಲ್ಲಿ ನಿಲ್ಲುತ್ತದೆ. ದಾಖಲೆಗಳು ಚದರಿಹೋಗಿದ್ದಾಗ ಹೊರೆಹಂಚಿಕೆಯ ಪ್ರಶ್ನೆ ಹುಟ್ಟಿರಲೇ ಇಲ್ಲ; ಅದನ್ನು ಹುಟ್ಟಿಸಿದ್ದು ಕೇಂದ್ರೀಕರಣ. ಹಂಚುಯಂತ್ರವೆಂಬುದು ಒಟ್ಟುಗೂಡಿಸಿದ್ದರ ಬೆಲೆ.

೫. ಎರಡು ಲೆಕ್ಕಗಳು

ಇಂಥ ಕೇಂದ್ರದಲ್ಲಿ ಎಷ್ಟು ಯಂತ್ರಗಳಿರಬೇಕು? ಈ ಪ್ರಶ್ನೆಗೆ ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಮಾಡಬೇಕು.

ಮೊದಲನೆಯದು ಕಾಯುವಿಕೆಯ ಲೆಕ್ಕ. ಒಂದು ಕೋರಿಕೆಗೆ ಸರಾಸರಿ ೧ ಸೆಕೆಂಡು ಹಿಡಿಯುವ ಯಂತ್ರ ತನ್ನ ಸಾಮರ್ಥ್ಯದ ಶೇಕಡ ೫೦ರಷ್ಟು ಕೆಲಸದಲ್ಲಿದ್ದರೆ, ಸಾಲುಗಳ ಗಣಿತದ ಅತ್ಯಂತ ಸರಳವಾದ ಮಾದರಿಯ ಪ್ರಕಾರ, ಬಂದವನು ಉತ್ತರ ಪಡೆದು ಹೋಗಲು ಸರಾಸರಿ ೨ ಸೆಕೆಂಡು ಆಗುತ್ತದೆ. ಕೆಲಸ ಶೇಕಡ ೮೦ಕ್ಕೇರಿದರೆ ೫ ಸೆಕೆಂಡು, ೯೦ಕ್ಕೇರಿದರೆ ೧೦ ಸೆಕೆಂಡು, ೯೫ಕ್ಕೇರಿದರೆ ೨೦ ಸೆಕೆಂಡು. ಹೊರೆ ಸ್ವಲ್ಪವೇ ಹೆಚ್ಚಿದರೂ ಕೊನೆಯ ಹಂತದಲ್ಲಿ ಕಾಯುವ ಕಾಲ ಇಮ್ಮಡಿ ಮುಮ್ಮಡಿಯಾಗುತ್ತದೆ. ಆದ್ದರಿಂದ ಯಂತ್ರ ಪೂರ್ತಿ ದುಡಿಯುತ್ತಿದೆಯೆಂಬುದು ಮಿತವ್ಯಯದ ಗುರುತೆಂದು ಹಿಗ್ಗುವಂತಿಲ್ಲ. ಅದು ಅಪಾಯದ ಗುರುತು.

ಎರಡನೆಯದು ಕೆಡುವಿಕೆಯ ಲೆಕ್ಕ. ನೂರಕ್ಕೆ ೯೯ ಪಾಲು ಕಾಲ ಕೆಲಸ ಮಾಡುವ ಒಂದು ಯಂತ್ರ ವರ್ಷಕ್ಕೆ ಒಟ್ಟು ಮೂರೂವರೆ ದಿನಕ್ಕೂ ಮಿಕ್ಕಿ ನಿಂತಿರುತ್ತದೆ. ಅಂಥ ಎರಡು ಯಂತ್ರಗಳಲ್ಲಿ ಯಾವುದಾದರೊಂದು ನಡೆಯುತ್ತಿದ್ದರೆ ಸಾಕೆಂದಾದರೆ, ಎರಡೂ ಒಟ್ಟಿಗೆ ನಿಂತಿರುವ ಕಾಲ ವರ್ಷಕ್ಕೆ ಸುಮಾರು ೫೩ ನಿಮಿಷ ಮಾತ್ರ. ಮೀಸಲಿನ ಮಹಿಮೆ ಇಷ್ಟು ದೊಡ್ಡದು. ಆದರೆ ಈ ಲೆಕ್ಕದಲ್ಲಿ ಎರಡು ನಿಬಂಧನೆಗಳು ಅಡಗಿವೆ. ಒಂದು, ಒಂದರ ಕೆಡುವಿಕೆಗೂ ಇನ್ನೊಂದರ ಕೆಡುವಿಕೆಗೂ ಸಂಬಂಧವಿರಕೂಡದು. ಎರಡಕ್ಕೂ ಒಂದೇ ವಿದ್ಯುತ್ತು, ಒಂದೇ ತಂತಿ, ಒಂದೇ ದೋಷಯುಕ್ತ ತಂತ್ರಾಂಶವಿದ್ದರೆ ಅವು ಎರಡಲ್ಲ, ಒಂದೇ. ಇನ್ನೊಂದು, ಉಳಿದ ಯಂತ್ರ ಇಡೀ ಹೊರೆಯನ್ನು ಹೊರಬಲ್ಲುದಾಗಿರಬೇಕು.

ಈ ಎರಡನೆಯ ನಿಬಂಧನೆಯಲ್ಲಿಯೇ ಹಂಚಿಕೆಗೂ ಮೀಸಲಿಗೂ ಇರುವ ವಿರೋಧ ಅಡಗಿರುವುದು. ಎರಡು ಯಂತ್ರಗಳು ತಲಾ ಶೇಕಡ ೪೦ರಷ್ಟು ದುಡಿಯುತ್ತಿರುವಾಗ ಒಂದು ನಿಂತರೆ, ಉಳಿದುದು ೮೦ಕ್ಕೇರಿ ಹೇಗೋ ತಾಳಿಕೊಳ್ಳುತ್ತದೆ. ವರ್ಷ ಕಳೆದಂತೆ ಹೊರೆ ಬೆಳೆದು ತಲಾ ೬೦ಕ್ಕೆ ಬಂದಿತೆನ್ನೋಣ. ದಿನನಿತ್ಯದ ಕೆಲಸದಲ್ಲಿ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ; ಹಂಚಿಕೆ ಸುಗಮವಾಗಿಯೇ ನಡೆದಿರುತ್ತದೆ. ಆದರೆ ಅಂದು ಒಂದು ನಿಂತರೆ ಉಳಿದುದರ ಮೇಲೆ ಶೇಕಡ ೧೨೦ರ ಹೊರೆ ಬೀಳುತ್ತದೆ, ಅದೂ ನಿಲ್ಲುತ್ತದೆ. ಹೆಸರಿಗೆ ಎರಡು ಯಂತ್ರಗಳಿದ್ದುವು. ಮೀಸಲು ಯಾವ ದಿನ ತೀರಿಹೋಯಿತೆಂಬುದು ಯಾರಿಗೂ ತಿಳಿಯಲಿಲ್ಲ. ನಾಲ್ಕು ಯಂತ್ರಗಳಿದ್ದು, ಒಂದು ಕೆಟ್ಟಾಗಲೂ ಉಳಿದ ಮೂರು ಶೇಕಡ ೮೦ನ್ನು ಮೀರಬಾರದೆಂದರೆ, ಎಂದಿನ ದಿನಗಳಲ್ಲಿ ಯಾವುದೂ ೬೦ನ್ನು ದಾಟಕೂಡದು. ಆದ್ದರಿಂದ ಯಂತ್ರಗಳು ಎಷ್ಟಿವೆ ಎಂಬ ಎಣಿಕೆ ಮೀಸಲಿನ ಅಳತೆಯಾಗಲಾರದು. ಒಂದು ಇಲ್ಲವಾದ ಮೇಲೆ ಉಳಿದವುಗಳ ಸ್ಥಿತಿಯೇನು ಎಂಬುದೇ ನಿಜವಾದ ಅಳತೆ.

ಸಾಲುಕೆರೆಗಳ ನಾಡಿನವರಿಗೆ ಇದು ಹೊಸ ಮಾತಲ್ಲ. ಕೋಡಿ ಬಿದ್ದ ಕೆರೆಯ ನೀರು ಕೆಳಗಿನ ಕೆರೆಗೆ ಹೋಗುವುದು ವ್ಯವಸ್ಥೆ. ಮೇಲಿನ ಕೆರೆಯ ಏರಿಯೇ ಒಡೆದರೆ ಆ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಯ ಮೇಲೆ ಎರಗುತ್ತದೆ. ಅದು ಒಡೆದರೆ ಅದರ ಕೆಳಗಿನದರ ಮೇಲೆ. ಸರ್ವರುಗಳ ಸಾಲಿನಲ್ಲಿಯೂ ಒಂದರ ಪತನ ಇನ್ನೊಂದನ್ನು ಕೆಡಹುವುದು ಹೀಗೆಯೇ. ಇದರ ಜೊತೆಗೆ, ಉತ್ತರ ಬಾರದ ಬೇಸರದಿಂದ ಮತ್ತೆ ಮತ್ತೆ ಗುಂಡಿಯೊತ್ತುವ ಜನರಿಂದ ಕೋರಿಕೆಗಳ ಸಂಖ್ಯೆ ತಾನೇ ಹೆಚ್ಚುತ್ತದೆ. ಆದ್ದರಿಂದ ಮಿತಿಮೀರಿದಾಗ ಕೆಲವು ಕೋರಿಕೆಗಳನ್ನು ಮೊದಲೇ ಮರ್ಯಾದೆಯಿಂದ ಹಿಂದಿರುಗಿಸಿ, ಒಳಗೆ ಬಂದವುಗಳನ್ನಾದರೂ ಪೂರೈಸುವುದು ವಿವೇಕ. ಎಲ್ಲರನ್ನೂ ಒಳಗೆ ಬಿಟ್ಟು ಯಾರಿಗೂ ಉತ್ತರ ಕೊಡದಿರುವುದು ಔದಾರ್ಯವಲ್ಲ.

೬. ಪುಸ್ತಕ ಒಂದೇ

ಬಾಗಿಲುಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು; ಪುಸ್ತಕವನ್ನು ಹೆಚ್ಚಿಸುವುದು ಕಷ್ಟ. ಎನ್.ಸಿ.ಎಸ್.ಎ.ಯ ಯಂತ್ರಗಳು ಓದುವ ಕೆಲಸವನ್ನು ಮಾತ್ರ ಮಾಡುತ್ತಿದ್ದುವು. ಪಹಣಿಯ ಪುಸ್ತಕ ಓದಲೂ ಬೇಕು, ಬರೆಯಲೂ ಬೇಕು. ಒಬ್ಬನು ತನ್ನ ಹೊಲವನ್ನು ಬ್ಯಾಂಕಿಗೆ ಅಡವಿಟ್ಟ ಸಂಗತಿ ಒಂದು ಪ್ರತಿಯಲ್ಲಿ ದಾಖಲಾಗಿ, ಇನ್ನೊಂದು ಪ್ರತಿಗೆ ತಲುಪುವ ಮೊದಲೇ ಆ ಇನ್ನೊಂದರಿಂದ ಋಣವಿಲ್ಲವೆಂಬ ಪಹಣಿ ಹೊರಬಿದ್ದರೆ, ಕೊಳ್ಳುವವನು ಮೋಸಹೋಗುತ್ತಾನೆ. ಇಲ್ಲಿ ವೇಗಕ್ಕಿಂತ ಸತ್ಯ ದೊಡ್ಡದು.

ಪ್ರತಿಗಳನ್ನು ಇಡುವ ಕ್ರಮ ಎರಡು. ಎರಡೂ ಪ್ರತಿಗಳಲ್ಲಿ ಬರೆದಾದ ಮೇಲೆಯೇ 'ಆಯಿತು' ಎನ್ನುವುದು ಒಂದು ಕ್ರಮ; ಇದರಲ್ಲಿ ಸತ್ಯ ಭದ್ರ, ಆದರೆ ಪ್ರತಿಗಳು ದೂರ ದೂರವಿದ್ದಷ್ಟೂ ಕೆಲಸ ನಿಧಾನ. ಒಂದರಲ್ಲಿ ಬರೆದೊಡನೆ 'ಆಯಿತು' ಎಂದು, ಇನ್ನೊಂದಕ್ಕೆ ಬಿಡುವಾದಾಗ ಕಳುಹಿಸುವುದು ಇನ್ನೊಂದು ಕ್ರಮ; ಇದರಲ್ಲಿ ವೇಗವುಂಟು, ಆದರೆ ಮೊದಲನೆಯದು ಹಠಾತ್ತಾಗಿ ನಾಶವಾದರೆ ಕೊನೆಯ ಕೆಲವು ಬರಹಗಳು ಅದರೊಂದಿಗೇ ಹೋಗುತ್ತವೆ. ಜಾಲವು ನಡುವೆ ಕಡಿದುಹೋದಾಗ, ಎಲ್ಲ ಪ್ರತಿಗಳ ಏಕವಾಕ್ಯತೆಯನ್ನೂ ಎಲ್ಲ ಕಡೆಯ ಲಭ್ಯತೆಯನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದೆಂದು ೨೦೦೦ದಲ್ಲಿ ಎರಿಕ್ ಬ್ರೂವರ್ ಸೂಚಿಸಿದನು. ೨೦೦೨ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಎಂಬ ವಿದ್ವಾಂಸರು ಅದನ್ನು ಸಾಧಿಸಿ ತೋರಿಸಿದರು. ಸುದ್ದಿಯ ತಾಣವು ಐದು ನಿಮಿಷ ಹಳೆಯ ಸುದ್ದಿಯನ್ನು ತೋರಿಸಿದರೆ ಹಾನಿಯಿಲ್ಲ. ಹಕ್ಕಿನ ಪುಸ್ತಕವು ಹಳೆಯ ಹಕ್ಕನ್ನು ತೋರಿಸುವುದಕ್ಕಿಂತ ಕೆಲವು ಹೊತ್ತು ಮೌನವಾಗಿರುವುದೇ ಲೇಸು. ಆದ್ದರಿಂದ 'ಸರ್ವರ್ ಇಲ್ಲ' ಎಂಬ ಉತ್ತರಗಳೆಲ್ಲವೂ ಅಲಕ್ಷ್ಯದ ಫಲವಲ್ಲ. ಯಾವುದು ಸತ್ಯವನ್ನು ಕಾಯುವ ಮೌನ, ಯಾವುದು ಮೀಸಲು ತೀರಿದ ಮೌನ ಎಂಬುದನ್ನು ಬೇರ್ಪಡಿಸಿ ನೋಡಬೇಕು.

ಸ್ಥಳದ ಮೀಸಲು ಇನ್ನೊಂದು ಅಂಶ. ಒಂದೇ ಕಟ್ಟಡದಲ್ಲಿ ಇಟ್ಟ ಎರಡು ಪ್ರತಿಗಳು ಒಂದೇ ಬೆಂಕಿಗೆ ಆಹುತಿಯಾಗುತ್ತವೆ. ಆಧಾರ್ ಪ್ರಾಧಿಕಾರ ತನ್ನ ದತ್ತಾಂಶ ಕೇಂದ್ರಗಳನ್ನು ಬೆಂಗಳೂರಿನಲ್ಲಿಯೂ ಹರಿಯಾಣದ ಮಾನೇಸರದಲ್ಲಿಯೂ ಸ್ಥಾಪಿಸಿರುವುದರ ಮರ್ಮ ಇದೇ.

೭. ಕಾಲದಲ್ಲಿ ಹಂಚಿಕೆ

ಹೊರೆಯನ್ನು ಯಂತ್ರಗಳ ನಡುವೆ ಮಾತ್ರವಲ್ಲದೆ ಕಾಲದಲ್ಲಿಯೂ ಹಂಚಬಹುದು. ರೈಲ್ವೆಯ ಜಾಲತಾಣದಲ್ಲಿ ೨೦೧೪ರ ಏಪ್ರಿಲ್ 'ಹೊಸ ತಲೆಮಾರಿನ' ವ್ಯವಸ್ಥೆ ಬಂದಾಗ ನಿಮಿಷಕ್ಕೆ ೨,೦೦೦ ಇದ್ದ ಟಿಕೆಟುಗಳ ಸಾಮರ್ಥ್ಯವನ್ನು ೭,೨೦೦ಕ್ಕೆ ಏರಿಸಲಾಯಿತು. ಅಷ್ಟಾದರೂ ತತ್ಕಾಲ್ ಟಿಕೆಟಿನ ಗಳಿಗೆಯ ನೂಕುನುಗ್ಗಲು ತಗ್ಗದಿರಲು, ೨೦೧೫ರ ಜೂನ್ ೧೫ರಿಂದ ಹವಾನಿಯಂತ್ರಿತ ದರ್ಜೆಗೆ ಬೆಳಗ್ಗೆ ೧೦ ಗಂಟೆ, ಉಳಿದ ದರ್ಜೆಗಳಿಗೆ ೧೧ ಗಂಟೆ ಎಂದು ವೇಳೆಯನ್ನೇ ಬೇರ್ಪಡಿಸಲಾಯಿತು. ಒಂದು ಶಿಖರವನ್ನು ಒಡೆದು ಎರಡು ದಿಬ್ಬಗಳನ್ನಾಗಿ ಮಾಡಿದ ಉಪಾಯವಿದು.

ಕರ್ನಾಟಕದಲ್ಲಿ ೨೦೨೩ರ ಜೂನ್ ೧೮ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧು ತಾಣದಲ್ಲಿ ಆರಂಭವಾದಾಗ, ಮೊದಲ ದಿನಗಳಲ್ಲಿ ದಟ್ಟಣೆಯಿಂದ ಸರ್ವರ್ ನಿಧಾನವಾದುದನ್ನು ಪತ್ರಿಕೆಗಳು ವರದಿಮಾಡಿದುವು. ಮರುತಿಂಗಳು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಬಂದಾಗ, ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕೆಂಬುದನ್ನು ಫಲಾನುಭವಿಗಳಿಗೆ ಮೊಬೈಲ್ ಸಂದೇಶದ ಮೂಲಕ ಮೊದಲೇ ತಿಳಿಸುವ ಕ್ರಮವನ್ನು ಅನುಸರಿಸಲಾಯಿತು. ಒಂದು ತಿಂಗಳ ಅಂತರದಲ್ಲಿ ಕಂಡ ಈ ವ್ಯತ್ಯಾಸ ಅಭ್ಯಾಸಯೋಗ್ಯವಾದುದು.

ಆದರೆ ಕಾಲದ ಹಂಚಿಕೆಗೂ ಬೆಲೆಯುಂಟು. ಅದನ್ನು ತೆರುವವನು ನಾಗರಿಕ. ಯಂತ್ರದ ಹೊರೆ ಇಳಿದದ್ದು ಅವನ ದಿನಚರಿಯ ಮೇಲೆ ಕುಳಿತುಕೊಳ್ಳುತ್ತದೆ. ಸಂಬಳದ ರಜೆ ಇರುವವನಿಗೆ ಗೊತ್ತುಮಾಡಿದ ಹೊತ್ತು ಅನುಕೂಲ. ದಿನಗೂಲಿಯವಳಿಗೆ ಅದೇ ಹೊತ್ತು ಒಂದು ದಿನದ ಅನ್ನ. ಅವಳು ಬಂದ ಹೊತ್ತಿಗೆ ಸರ್ವರ್ ನಿಂತಿದ್ದರೆ ನಷ್ಟ ಎರಡು ಮಡಿ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಟ್ಟುಗೂಡಿಸುವುದರಿಂದ ಸಾಮರ್ಥ್ಯದ ಉಳಿತಾಯವಾಗುತ್ತದೆ, ಅಂತೆಯೇ ಅಪಾಯವೂ ಒಟ್ಟುಗೂಡುತ್ತದೆ. ೨೨ ತಂತಿಗಳ ಬದಲು ೧೮ ಸಾಕೆಂಬ ಸಂತೋಷದಲ್ಲಿ, ಉಳಿದ ನಾಲ್ಕನ್ನು ಮೀಸಲಾಗಿ ಇಡಬಹುದಿತ್ತೆಂಬುದನ್ನು ಮರೆಯಬಾರದು. ಹಂಚಿಕೆ ಚೆನ್ನಾಗಿ ನಡೆಯುತ್ತಿದೆಯೆಂಬುದು ಮೀಸಲು ಇದೆಯೆಂಬುದಕ್ಕೆ ಪ್ರಮಾಣವಲ್ಲ; ಅದನ್ನು ಅರಿಯಲು ಗೊತ್ತಾದ ದಿನದಂದು ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಿ ನೋಡುವುದೊಂದೇ ಮಾರ್ಗ. ಬಾಗಿಲುಗಳ ಸಂಖ್ಯೆ ಎಷ್ಟೇ ಇರಲಿ, ಹಕ್ಕಿನ ಪುಸ್ತಕದ ಸತ್ಯ ಒಂದೇ ಆಗಿರಬೇಕಾದುದರಿಂದ, ಕೆಲವು ಗಳಿಗೆಗಳಲ್ಲಿ ಸೇವೆ ನಿಲ್ಲುವುದು ಅನಿವಾರ್ಯ.

ಅನಿವಾರ್ಯವಾದುದಕ್ಕೆ ಕಚೇರಿಯಲ್ಲಿಯೂ ಒಂದು ಮೀಸಲು ಇರಬೇಕು. ೨೦೧೧ರ ಸೇವಾ ಖಾತರಿ ಕಾಯಿದೆಯನ್ನನುಸರಿಸಿ ಬಂದ 'ಸಕಾಲ' ವ್ಯವಸ್ಥೆಯಲ್ಲಿ ಅರ್ಜಿಗೆ ಸಂಖ್ಯೆಯೊಂದು ದೊರೆತು ದಿನಗಳ ಎಣಿಕೆ ಮೊದಲಾಗುತ್ತದೆ. ಆದರೆ ಸರ್ವರ್ ನಿಂತಿದ್ದಾಗ ಸಂಖ್ಯೆಯೇ ಹುಟ್ಟುವುದಿಲ್ಲ. ಸಂಖ್ಯೆಯಿಲ್ಲದವನು ಬಂದಿದ್ದನೆಂಬುದಕ್ಕೆ ಸಾಕ್ಷಿಯೂ ಇರುವುದಿಲ್ಲ. ಅಂಥ ದಿನ ಬಂದವನ ಹೆಸರನ್ನೂ ವೇಳೆಯನ್ನೂ ಕಾಗದದ ಮೇಲೆ ಬರೆದುಕೊಂಡು, ಮೊಹರು ಹಾಕಿದ ಚೀಟಿಯೊಂದನ್ನು ಕೊಟ್ಟು, ಯಂತ್ರ ಎದ್ದ ಮೇಲೆ ಆ ಕ್ರಮದಲ್ಲಿಯೇ ಅರ್ಜಿಗಳನ್ನು ದಾಖಲಿಸಿದರೆ, ಅವನ ಕೂಲಿ ಹೋದರೂ ಸರದಿ ಉಳಿಯುತ್ತದೆ. ಬಂದ ಕ್ರಮದಲ್ಲಿ ವಿಲೇವಾರಿಯೆಂಬ ನಿಯಮದಿಂದ 'ಭೂಮಿ' ಯೋಜನೆ ರೈತನಿಗೆ ತಂದುಕೊಟ್ಟ ದೊಡ್ಡ ಹಕ್ಕು ಸರದಿಯ ಹಕ್ಕು. ಅದನ್ನು ಕಾಯಲು ಎರಡನೆಯ ಸರ್ವರಿನಷ್ಟೇ ಒಂದು ಹಾಳೆ ಕಾಗದವೂ ಅವಶ್ಯ.